ಮಾಂಸ ಉಂಡವರ ಬಾಟ್ಲಿ

ಜನರ ಹೊಟ್ಟೆಯ ಗುಟ್ಟು ಕೇಳಲು ಹೊರಟವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಒಂದು ಆಹಾರ ಸಮೀಕ್ಷೆಯಲ್ಲಿ ಸಹಾಯಕನಾಗಿದ್ದೆ. ಎಷ್ಟು ಮಾಂಸ ತಿನ್ನುತ್ತೀರಿ ಎಂದರೆ ಬಾಯಿ ಸುಳ್ಳಾಡುತ್ತದೆ, ಮೂತ್ರ ಆಡುವುದಿಲ್ಲ ಎಂಬುದು ಸಮೀಕ್ಷೆ ನಡೆಸುತ್ತಿದ್ದ ಲೇಡಿ ಡಾಕ್ಟರರ, ಊರವರ ಬಾಯಲ್ಲಿ ‘ಡಾಕ್ಟರ್ ಬಾಯಿ’ಯವರ, ನಂಬಿಕೆ. ಮಾಂಸ ಉಂಡವರ ಮೂತ್ರದಲ್ಲಿ ಯಾವುದೋ ಒಂದು ವಸ್ತು ಏರುತ್ತದಂತೆ. ಮನೆಮನೆಗೆ ದೊಡ್ಡ ಬಾಟ್ಲಿ ಕೊಟ್ಟು, ಇಡೀ ದಿನದ್ದನ್ನು ಅದರಲ್ಲಿ ಹಿಡಿಸಿ, ಹೊತ್ತು ತರುವುದು ನನ್ನ ಕೆಲಸ. ಆ ನಾತ ಮರೆತಿದ್ದೇನೆ. ಆ ಜನ ಮಾತ್ರ ಈಗಲೂ ಬೇಕೆನಿಸುತ್ತಾರೆ.

ಶಿಗ್ಗಾಂವಿಯ ಹಿರಿಯರು

"ನಮ್ಮನ್ಯಾಗ ಉಳ್ಳಾಗಡ್ಡಿನೂ ಇಲ್ರಿ" ಎಂದು ಹಿರಿಯರೊಬ್ಬರು ಎದೆ ಸೆಟೆಸಿ ಬರೆಸಿದ್ದರು. ಮರುದಿನ ಬಾಟ್ಲಿ ಕೊಡುವಾಗ ನನ್ನನ್ನು ಮರೆಗೆ ಕರೆದರು.

"ತಮ್ಮಾ, ಇದು ಎಲ್ಲಾ ಹೇಳತೈತೇನು?"

"ಹೌದ್ರಿ."

"ಯಾರ ಮನ್ಯಾಗ ತಿಂದೆ ಅನ್ನೂದೂ?"

ಸವಣೂರಿನ ಮರ್ಯಾದೆ

ಎಲ್ಲರ ಬಾಟ್ಲಿ ಅರ್ಧ ಬಂದರೆ ಇಲ್ಲಿಯ ಒಬ್ಬ ತಾಯಿಯದು ಕಂಠದವರೆಗೆ ತುಂಬಿತ್ತು. ಇಷ್ಟೂ ನಿಮ್ಮದೇ ಏನ್ರಿ ಎಂದೆ.

"ಒಬ್ಬಾಕಿದು ಎಲ್ಲಿ ತುಂಬತೈತ್ರಿ? ಮಂದಿ ಭಾಂಡೆ ಬರಿದು ತಿರುಗಿ ಕೊಟ್ರ ಮನಿತನಕ್ಕ ಶೋಭಾ ಅಲ್ಲ. ಸೊಸಿ, ನಾದಿನಿ ಎಲ್ಲಾರೂ ಕೈಗೂಡಿಸ್ಯಾರ!"

ಈ ಲೆಕ್ಕದಲ್ಲಿ ಈಯಮ್ಮ ದಿನಕ್ಕೊಂದು ಕುರಿ ಮುಗಿಸಬೇಕು ಎಂದರು ಡಾಕ್ಟರ್ ಬಾಯಿ.

ತಿಳವಳ್ಳಿಯ ಗೋಡೆ

ಬಾಟ್ಲಿಯ ಮಾತು ಖರೆಯೋ ಎಂದು ತಾಳೆ ನೋಡಲು, ಕೆಲವರಿಗೆ ನಾಲ್ಕು ದಿನ ತೂಗಿದ ಮಾಂಸ, ಕೆಲವರಿಗೆ ಬರೀ ಬೇಳೆ ಕೊಡುವುದೆಂದಾಯಿತು. ಚೀಟಿ ಎತ್ತಿಸಿದೆವು. ಒಬ್ಬ ಮುದುಕಿಗೆ ಬೇಳೆ ಬಂತು. ಅವಳ ಗೋಡೆಯಾಚೆಯ ನೆರೆಯಾಕೆಗೆ ಮಾಂಸ.

ಮುದುಕಿ ಚೀಟಿಯನ್ನು ತಿರುವಿ ತಿರುವಿ ನೋಡಿದಳು. "ನಮ್ಮ ಮುದುಕ ಹೋದ ಮ್ಯಾಲೆ ಒಲಿಮ್ಯಾಲೆ ಖಂಡ ಏರಿಲ್ಲ ಮಗಾ. ಒಬ್ಬಾಕಿಗೆ ಯಾರು ತರ್ತಾರ? ಚೀಟಿ ಬದ್ಲಿ ಮಾಡಾಕ ಬರೂದಿಲ್ಲೇನು?"

"ನಿಯಮ ಐತಿ, ಆಯಿ" ಎಂದೆ. ಹೇಳಿದ ಬಾಯಿಗೇ ಕಹಿಯಾಯಿತು. ನಾಲ್ಕು ದಿನವೂ ಆಕೆಯ ಮುಂದೆ ಬೇಳೆಯ ಡಬ್ಬಿ ಇಟ್ಟು, ಮುಖ ನೋಡದೆ ಬಂದೆ.

ವಾರದ ಮೇಲೆ ಬಂದ ವರದಿಯಲ್ಲಿ ಇಬ್ಬರ ಬಾಟ್ಲಿಯೂ ಒಂದೇ ಹೇಳಿತು. ಮುದುಕಿಯದರಲ್ಲಿ ಮಾಂಸ ಏರಿತ್ತು, ನೆರೆಯಾಕೆಯದರಲ್ಲಿ ಅಷ್ಟೇ ಇಳಿದಿತ್ತು. ನಾನೇ ಬಾಟ್ಲಿ ಕಲಸಿದೆನೆಂದು ಬೈಯುತ್ತಲೇ ಡಾಕ್ಟರ್ ಬಾಯಿ ತಿಳವಳ್ಳಿಗೆ ಬಂದರು.

ನೆರೆಯಾಕೆ ಒಂದಿಷ್ಟೂ ಅಂಜಲಿಲ್ಲ. "ಗ್ವಾಡಿ ಆ ಕಡೆ ಆಕಿ ವಾಸನಿ ಕುಡದು ಬ್ಯಾಳಿ ಉಣ್ಣಾಕತ್ರ ನನ್ನ ಗಂಟಲದಾಗ ತುತ್ತು ಇಳಿತೈತೇನ್ರಿ? ಅರ್ಧ ಖಂಡ ಆಕಿಗೆ, ಅರ್ಧ ಬ್ಯಾಳಿ ನನಗ."

ಡಾಕ್ಟರ್ ಬಾಯಿ ಹಣೆ ಹಿಡಿದು ಕಟ್ಟೆಯ ಮೇಲೆ ಕುಳಿತರು. "ಪರೀಕ್ಷಾ ಪೂರಾ ಕೆಟ್ಟುಹೋತಲ್ರೀ!"

ಮುದುಕಿ ಮೆಲ್ಲಗೆ ಹೊರಗೆ ಬಂದಳು. ತಪ್ಪೊಪ್ಪಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಬಾಯಿಯವರ ಹೆಗಲ ಮೇಲೆ ಕೈಯಿಟ್ಟಳು.

"ಕೆಟ್ರ ಕೆಡ್ಲಿ ಬಿಡ್ರಿ ಬಾಯಾರ. ಮತ್ತ ಮೊದ್ಲಿಂದ ಮಾಡೂಣು. ನಾವೇನು ಎಲ್ಲೂ ಹೋಗೂದಿಲ್ಲ."