ಮೊಟ್ಟೆಯಿಟ್ಟ ಮದುಮಗ

ನಮ್ಮ ಸೋದರಮಾವ ಮೀನಿನ ಮುಖ ನೋಡಿ ಗಂಡೋ ಹೆಣ್ಣೋ ಹೇಳಿಬಿಡುತ್ತಿದ್ದ. ಹೇಳಿದ್ದು ನಿಜವಾಗುತ್ತಿತ್ತೇ ಎಂದು ಮಾತ್ರ ಕೇಳಬೇಡಿ. ಹೇಳುತ್ತಿದ್ದ, ಅಷ್ಟೇ!

ತೆಲುಗು ನಾಡಿನ ನಗರದಲ್ಲಿ, ನಾಚಾರಂನ ಕಾರ್ಖಾನೆಯೊಂದರಲ್ಲಿ ಅವನಿಗೆ ಲೇತ್ ಯಂತ್ರದ ಕೆಲಸ. ಉಪ್ಪಲ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅದರಲ್ಲಿ ಒಂದು ಕೋಣೆ ಪೂರ್ತಿ ಗಾಜಿನ ತೊಟ್ಟಿಗಳಿಗೆ. "ಮೀನಿನ ಮನಿಯಾಗ ನಾವ್ ಬಾಡಿಗಿಗಿ ಅದೀವಿ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ನಮ್ಮಪ್ಪನ ಮನೆ ಪಕ್ಕದಲ್ಲೇ. ಅಲ್ಲಿಯ ಗದ್ದಲದಲ್ಲಿ ಓದಲಾಗದೆ ನಾನು ಪುಸ್ತಕ ಎತ್ತಿಕೊಂಡು ಮೀನುಗಳ ಕೋಣೆಗೆ ಬರುತ್ತಿದ್ದೆ. ಬಿ.ಎಸ್ಸಿ. ಎರಡನೇ ವರ್ಷ. ನಮ್ಮ ವಂಶದಲ್ಲಿ ಅಷ್ಟು ದೂರ ಬಂದವಳು ನಾನೊಬ್ಬಳೇ.

ಆಗಲೇ ನನಗೆ ಊರ ಕಡೆಯ ಸಂಬಂಧವೊಂದು ಕೂಡಿ ಬಂತು. ಹುಡುಗಿ ಓದು ಬಿಡಬೇಕು ಎಂಬುದು ಅವರ ಷರತ್ತು. ಅಪ್ಪ ಒಪ್ಪಿದ. ಆದರೆ ನಮ್ಮಲ್ಲಿ ಸೋದರಮಾವ ಹೂಂ ಅನ್ನದೆ ಮದುವೆ ಗಟ್ಟಿಯಾಗುವುದಿಲ್ಲ. ಅವನು ಹೂಂ ಅಂದನೋ, ನನ್ನ ಪುಸ್ತಕಗಳೆಲ್ಲ ಕೋಠಿಯ ಹಳೇ ಪುಸ್ತಕದಂಗಡಿಗೆ!

ಅವನಿಗೋ ಬೇರೆಯೇ ಮದುವೆಯ ಗಡಿಬಿಡಿ. ಎರಡು ಏಂಜಲ್ ಮೀನು ತಂದಿದ್ದ. ಸಿಕ್ಲಿಡ್ ಕುಲದ ಈ ಚಪ್ಪಟೆ ಮೀನುಗಳಲ್ಲಿ ಗಂಡು ಹೆಣ್ಣು ಹೇಳಲು ಪಳಗಿದವರೂ ತಡವರಿಸುತ್ತಾರೆ. ಮಾವ ತಡವರಿಸಲಿಲ್ಲ.

"ನೋಡವಾ, ಇದರ ನೆತ್ತಿ ಉಬ್ಬೇತಿ. ಗಂಡಸು. ಸೊಕ್ಕು ಹಣಿಮ್ಯಾಲೆ ಕುಂತೈತಿ!"

"ನಿಮ್ಮ ನೆತ್ತಿ ಚಪ್ಪಟಿ ಐತಲ್ರಿ?" ಎಂದಳು ಅತ್ತೆ.

ಹೊಸ ಮೀನುಗಳು ಕಾದಾಡದಿರಲೆಂದು ಕೆಲವು ದಿನ ನಡುವೆ ಗಾಜಿನ ಅಡ್ಡತಡೆ ಇಡುವುದುಂಟು. ಮಾವ ಅದನ್ನು ಅಂತರಪಟ ಎಂದ. ಅಂದವನು ಅಷ್ಟಕ್ಕೇ ಬಿಟ್ಟಾನೆಯೇ? ಸೋಮವಾರ ಬೆಳಿಗ್ಗೆ ಮುಹೂರ್ತ ನೋಡಿ ಗಾಜು ಮೇಲೆತ್ತಿದ, ಮುಷ್ಟಿ ಅಕ್ಷತೆಯನ್ನು ತೊಟ್ಟಿಗೇ ಹಾಕಿದ. ಅರಿಶಿನ ಬಿಟ್ಟು ನೀರೆಲ್ಲ ಹಳದಿ! ವಧೂವರರನ್ನು ಬಕೆಟ್ಟಿಗೆ ವರ್ಗಾಯಿಸಿ ನೀರು ಬದಲಿಸುವುದರಲ್ಲಿ ಅವನ ಪಾಳಿ ತಪ್ಪಿತು.

ಕೆಲವು ದಿನಕ್ಕೆ, ತೊಟ್ಟಿಯೊಳಗೆ ಮಾವ ನಿಲ್ಲಿಸಿದ್ದ ಹಂಚಿನ ತುಂಡಿಗೆ ಮದುಮಗಳು ಸಾಲುಸಾಲಾಗಿ ಮೊಟ್ಟೆ ಅಂಟಿಸಿದಳು. ಮಾವ ಕಾರ್ಖಾನೆಯಲ್ಲಿ ಪೇಢೆ ಹಂಚಿ ಬಂದ. ಸಂಜೆ ನೋಡಿದರೆ, ಅದೇ ಹಂಚಿಗೆ ಮದುಮಗನೂ ಮೊಟ್ಟೆ ಇಡುತ್ತಿದ್ದ!

"ಈಗ ಯಾರ ಬಾಣಂತನ ಮೊದ್ಲ ಮಾಡ್ಲಿರಿ?" ಎಂದಳು ಅತ್ತೆ.

ಎರಡು ದಿನದಲ್ಲಿ ಮೊಟ್ಟೆಗಳೆಲ್ಲ ಬೆಳ್ಳಗೆ ಬೂಸಲು ಹಿಡಿದವು. ಮಾವ ಹೋಗಿ ಹೇಳಿದ್ದಕ್ಕೆ, ಮೀನು ಮಾರಿದ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ವದಿಲೇಯ್ ಅನ್ನಾ," ಎಂದ, ಬಿಟ್ಟುಬಿಡು ಅಂತ. ಆರು ಮರಿ ಒಟ್ಟಿಗೆ ಬಿಡು, ದೊಡ್ಡವಾದ ಮೇಲೆ ಯಾವೆರಡು ಸೇರಿ ಒಂದು ಮೂಲೆ ಹಿಡಿದು ಉಳಿದವನ್ನು ಓಡಿಸುತ್ತವೋ ಅವೇ ಜೋಡಿ. ನಡುವೆ ನಿನ್ನದೇನು ಕೆಲಸ?

ಮಾವ ಮನೆಗೆ ಬಂದವನೇ ಆ ಗಾಜಿನ ಅಂತರಪಟವನ್ನು ಮಂಚದ ಕೆಳಗೆ ತಳ್ಳಿದ.

ಆ ಭಾನುವಾರವೇ ಗಂಡಿನ ಕಡೆಯವರು ಬಂದರು. ಚಹಾ, ಚೂಡಾ ಬಂತು. ಅವರ ಹಿರಿಯರು ಗಂಟಲು ಸರಿಮಾಡಿಕೊಂಡು, "ಸ್ವಾದರಮಾವನ ಮಾತೊಂದ ಬಾಕಿ ನೋಡ್ರಿ. ಹೂಂ ಅಂದ್ಬಿಡ್ರಿ," ಎಂದರು.

ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದೆ.

"ನನ್ನ ಕಣ್ಣ ಮ್ಯಾಲೆ ನನಗ ನಂಬಿಕಿ ಹೋಗೇತ್ರಿ," ಎಂದ ಮಾವ. "ಮೊನ್ನೆ ಎರಡು ಹೆಣ್ಣಿಗಿ ಲಗ್ನ ಮಾಡೀನಿ."

ಹಿರಿಯರ ಚಹಾದ ಬಸಿ ಬಾಯಿಯ ಹತ್ತಿರವೇ ನಿಂತಿತು.

"ಆಕಿನ್ನ ಕೇಳ್ರಿ. ಆಕಿ ಏನಂತಾಳೋ ಅದ."

ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. "ನಾ ಓದ್ತೀನ್ರಿ," ಎಂದೆ. ಸಂಬಂಧ ಅಲ್ಲಿಗೇ ಮುರಿಯಿತು. ಅಪ್ಪ ಎರಡು ತಿಂಗಳು ಮಾವನ ಜೊತೆ ಮಾತು ಬಿಟ್ಟ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಬಸ್ಸಿಳಿದು ನೇರ ಅವನ ಮನೆಗೆ ಹೋದೆ. ತೊಟ್ಟಿ ತೊಳೆಯುತ್ತಿದ್ದ. ಕೈಯನ್ನು ಅಂಗಿಗೆ ಒರೆಸಿಕೊಂಡ, ಮತ್ತೆ ಲುಂಗಿಗೆ ಒರೆಸಿಕೊಂಡ, ಆದರೂ ಮುಟ್ಟಲಿಲ್ಲ.

"ನೀರ್ ಹತ್ತೀತವಾ. ನೀನ ಹಿಡಕೊಂಡ್ ಓದು."

ಇಂಗ್ಲಿಷಿನಲ್ಲಿತ್ತು. ಅವನಿಗೆ ಒಂದಕ್ಷರವೂ ತಿಳಿಯದು. ಮೇಲಿನಿಂದ ಓದುತ್ತ ಬಂದೆ. ನನ್ನ ಹೆಸರು ಬಂದಲ್ಲಿ ಒದ್ದೆ ಕೈ ಎತ್ತಿ ತಡೆದ.

"ಅದನ್ನ ಇನ್ನೊಮ್ಮೆ ಓದು," ಎಂದ.