ನನ್ನ ಕೆಳಗಿದ್ದ ಎಕ್ಕಾ

ಕಾಗದ ಮುಂದಿಟ್ಟು ಸಹಿ ಮಾಡಿ ಎಂದವರಿಗೆ ಇಲ್ಲ ಎನ್ನುವುದು ನನ್ನಿಂದ ಈ ಜನ್ಮದಲ್ಲಿ ಆಗಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಪ್ರಗತಿಪತ್ರಕ್ಕೆ ಸಹಿ ಹಾಕಿದ ಕೈ ಇದು. ಪೆನ್ನು ಕಂಡರೆ ತಾನೇ ಮುಂದೆ ಹೋಗುತ್ತದೆ. ಈ ಚಟದಿಂದಲೇ ನಾನು ಜೂಜಿನ ಕೇಸೊಂದರಲ್ಲಿ ಸರ್ಕಾರಿ ಸಾಕ್ಷಿಯಾದೆ.

ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಪ್ಪನ ಹೆಸರು ತಪ್ಪಾಗಿತ್ತೆಂದು ಖಾನಾಪುರದ ತಾಲೂಕು ಕಚೇರಿಗೆ ಹೋಗಿದ್ದೆ. ವಡಗಾವಿಯ ಮನೆಗೆ ಮರಳಲು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹವಾಲ್ದಾರರೊಬ್ಬರು ಬಂದು, 'ಸರ್, ಓದಿದವರಂಗ ಕಾಣ್ತೀರಿ. ಜೂಜಿನ ದಾಳಿ ಐತಿ, ಪಂಚ ಸಾಕ್ಷಿಯಾಗಿ ಬರ್ರಿ' ಎಂದರು. ಓದಿದವನು ಎಂದ ಮೇಲೆ ಹೋಗದಿರುವುದು ಹೇಗೆ? ಹಿಂದಿನ ಓಣಿಯ ಒಂದು ಮನೆಯನ್ನು ತಲುಪುವಷ್ಟರಲ್ಲಿ ದಾಳಿ ಮುಗಿದಿತ್ತು. ಐದು ಜನ ಗೋಡೆಗೆ ಒರಗಿ ತೆಪ್ಪಗೆ ಕುಳಿತಿದ್ದರು. ನಡುವೆ ಚಾಪೆ, ಅದರ ಮೇಲೆ ಇಸ್ಪೀಟ್ ಎಲೆಗಳು. ಹವಾಲ್ದಾರರು ಪಂಚನಾಮೆ ಬರೆಯುವವರೆಗೆ ನನಗೂ ಅದೇ ಚಾಪೆಯ ತುದಿಯಲ್ಲಿ ಜಾಗ ಸಿಕ್ಕಿತು. ಮನೆಯ ಯಜಮಾನ ತಾನು ಆರೋಪಿ ಎಂಬುದನ್ನೂ ಮರೆತು ಚಹಾ ಕೊಡಿಸಿದ. ಕುಡಿದೆ. ಹವಾಲ್ದಾರರು ಎಲೆ ಎಣಿಸಿದರೆ ಐವತ್ತೊಂದೇ ಆದವು. ಮತ್ತೊಮ್ಮೆ ಎಣಿಸಿದರೂ ಅಷ್ಟೇ. ಕಡೆಗೆ ನಾನು ಎದ್ದು ನಿಂತಾಗ ನನ್ನ ಕೆಳಗೆ ಎಕ್ಕಾ ಇತ್ತು. ಎಲ್ಲರೂ ನಕ್ಕರು, ಆರೋಪಿಗಳು ಕೂಡ. ನಾನು ಪಂಚನಾಮೆ ಓದದೆಯೇ ಸಹಿ ಹಾಕಿ ಬಸ್ ಹಿಡಿದೆ.

ಎರಡು ವರ್ಷದ ಮೇಲೆ ಸಮನ್ಸ್ ಬಂತು. ಕೋರ್ಟು ನೋಡಬೇಕೆಂದು ಹೆಂಡತಿಯೂ ಜೊತೆಗೆ ಬಂದಳು. ಆರೋಪಿಗಳ ವಕೀಲರು ಪಂಚನಾಮೆ ಓದಿದರು. ಆಟ ನಡೆದಿರುವಾಗಲೇ, ಆಡುತ್ತಿದ್ದವರ ಕೈಯಿಂದಲೇ ಐವತ್ತೆರಡು ಎಲೆಗಳನ್ನೂ ನನ್ನ ಸಮಕ್ಷಮ ವಶಪಡಿಸಿಕೊಳ್ಳಲಾಗಿದೆಯಂತೆ. ಕೆಳಗೆ ನನ್ನ ದುಂಡು ಸಹಿ. ನಾನು ಇಕ್ಕಟ್ಟಿಗೆ ಸಿಕ್ಕೆ. ಹೌದೆಂದರೆ ಪ್ರಮಾಣ ಮಾಡಿ ಸುಳ್ಳು ಹೇಳಿದಂತೆ, ಅಲ್ಲವೆಂದರೆ ಸಹಿಯೇ ಸುಳ್ಳು. ನಿಜ ಹೇಳಿರೆಂದು ಮಕ್ಕಳ ಕಿವಿ ಹಿಂಡಿದವನು ನಾನು. ಆಟ ಕಣ್ಣಾರೆ ನೋಡಿದಿರಾ ಎಂದು ವಕೀಲರು ಕೇಳಿದರು. ಇಲ್ಲ, ಸುಮ್ಮನೆ ಕುಳಿತಿದ್ದರು ಎಂದೆ. ಎಲೆಗಳೆಲ್ಲ ಅವರ ಬಳಿಯೇ ಇದ್ದವೇ ಎಂದರು.

'ಐವತ್ತೊಂದು ಚಾಪಿ ಮ್ಯಾಲೆ ಇದ್ದೂರಿ. ಒಂದು ನನ್ನ ಕೆಳಗಿತ್ತು.'

ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಸರ್ಕಾರಿ ವಕೀಲರು ಕಿಟಕಿಯ ಕಡೆ ನೋಡಿದರು.

ಸಾಕ್ಷ್ಯ ಸಾಲದೆಂದು ಮುಂದೆ ಐವರೂ ಬಿಡುಗಡೆಯಾದರು. ನಾನು ಮಾಡಿದ್ದು ನ್ಯಾಯವೋ ಅನ್ಯಾಯವೋ ನನಗಿನ್ನೂ ಗೊತ್ತಾಗಿಲ್ಲ. ಸಾಕ್ಷಿ ಹೇಳಿ ಬಂದ ದಿನ ರಾತ್ರಿ ಹೆಂಡತಿ ಊಟಕ್ಕೆ ರೊಟ್ಟಿ ಬಡಿಸುತ್ತಾ ಕೇಳಿದಳು:

'ಖರೇ ಹೇಳ್ರಿ. ಅಷ್ಟು ಎಲಿ ಬಿಟ್ಟು ಎಕ್ಕಾನ ಯಾಕ ನಿಮ್ಮ ಕೆಳಗ ಬಂತು?'

ಖಾನಾಪುರದ ಆ ಮನೆಯಲ್ಲಿ ಜೂಜು ನಡೆದಿತ್ತೆಂದು ಕೋರ್ಟಿನಲ್ಲಿ ಸಾಬೀತಾಗಲಿಲ್ಲ. ನಾನು ಆಡಿರಲಿಲ್ಲವೆಂದು ವಡಗಾವಿಯ ನಮ್ಮ ಮನೆಯಲ್ಲಿ ಇನ್ನೂ ಸಾಬೀತಾಗಿಲ್ಲ.