ಮಾಗಳಿ ಬೇರು ಕಿತ್ತ ಧೀರರು

ಭಯ ಅನ್ನೋದು ಬೇರೆಯವರ ಮನೆಗೆ ಬಾಗಿಲು ತಟ್ಟಿ ಬರುತ್ತೆ. ನಮ್ಮನೆಗೆ ಮಾತ್ರ ಹೇಳದೆ ಕೇಳದೆ ಒಳಗೆ ಬಂದು ಊಟಕ್ಕೇ ಕೂತುಬಿಡುತ್ತೆ. ಹಾಗಂತ ನಾನು ಪುಕ್ಕಲ ಅಂದುಕೋಬೇಡಿ. ಕಾಮಸಮುದ್ರದ ಸುತ್ತ ಯಾರನ್ನು ಬೇಕಾದರೂ ಕೇಳಿ ನೋಡಿ. ನನ್ನ ಹೆಂಡತಿಯನ್ನು ಮಾತ್ರ ಕೇಳಬೇಡಿ. ನಾನು ಹುಟ್ಟಿದಾಗಿನಿಂದ ಹೆದರಿದವನಲ್ಲ. ಆಗಾಗ ಮೈ ನಡುಗಿದೆ, ಅದು ಬೇರೆ ವಿಷಯ.

ಇನ್ನು ಓದಿನ ಮಾತು. ನಾನು ಶಾಲೆ ಹತ್ತಿದ್ದು ಒಂದೇ ಸಲ, ಅದರ ಮಾಡಿಗೆ ಹೆಂಚು ಹೊದಿಸೋಕೆ. ಅಂಥಾ ನನ್ನ ಕೈಕೆಳಗೇ ಒಬ್ಬಳು ಹುಡುಗಿ ಎಂ.ಎಸ್ಸಿ. ಪಾಸು ಮಾಡಿದಳು. ಹೇಗೆ ಅಂತ ಹೇಳ್ತೀನಿ.

ಹುಣಸೇಮರದ ಮೇಲೆ

ಎಮರ್ಜೆನ್ಸಿ ಆಗಷ್ಟೇ ಮುಗಿದಿತ್ತು. ಆದರೆ ನಮ್ಮೂರ ಗಂಡಸರ ಭಯ ಇನ್ನೂ ಮುಗಿದಿರಲಿಲ್ಲ. ಊರಿಗೆ ಯಾರಾದರೂ ಬ್ಯಾಗು ಹಿಡಿದು ಬಂದರೆ ಸಾಕು, "ಮಕ್ಕಳಾಗದಂಗೆ ಆಪರೇಷನ್ ಮಾಡೋರು ಬಂದ್ರು" ಅಂತ ಬೀದಿಯೆಲ್ಲಾ ಖಾಲಿ.

ದೀಪಾವಳಿ ಕಳೆದ ಮೇಲೆ ಒಂದು ದಿನ ಬೆಳಗಿನ ಬಸ್ಸಿಂದ ಒಬ್ಬಳು ಹುಡುಗಿ ಇಳಿದಳು. ಕೈಯಲ್ಲಿ ತಗಡಿನ ಪೆಟ್ಟಿಗೆ, ಸೊಂಟದಲ್ಲಿ ಕತ್ತರಿ, ಹೆಗಲಿಗೆ ಬೆಲ್ಟು ಬಿಗಿದ ಎರಡು ಹಲಗೆ. ಆ ಕತ್ತರಿ ನೋಡಿದ್ದೇ ತಡ, ನಮ್ಮೂರ ಗಂಡಸರು ಹುಲ್ಲಿನ ಬಣವೆ, ಕೋಳಿ ಗೂಡು, ಬಾವಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಮಾಯ. ಎಂಟು ಮಕ್ಕಳ ತಂದೆ ಒಬ್ಬ ಸೀರೆ ಉಟ್ಟುಕೊಂಡು ರಾಗಿ ಬೀಸೋಕೆ ಕೂತ. ನಾನು ಅಡಗಲಿಲ್ಲ. ನನಗ್ಯಾಕೆ ಭಯ? ಹಣ್ಣು ಹೆಂಗೈತೆ ನೋಡೋಣ ಅಂತ ಸುಮ್ಮನೆ ಹುಣಸೇಮರ ಹತ್ತಿದ್ದೆ, ಅಷ್ಟೇ.

ಹುಡುಗಿ ನೇರವಾಗಿ ಆ ಮರದ ಬುಡಕ್ಕೇ ಬಂದು ಕತ್ತರಿ ಎತ್ತಿ ಹಿಡಿದಳು.

"ಅಣ್ಣಾ, ಸ್ವಲ್ಪ ಇಳೀತೀರಾ?"

"ಇಳಿಯಲ್ಲ ತಾಯಿ! ನನಗೆ ಮಕ್ಕಳೇ ಇಲ್ಲ!" ಅಂತ ಕೂಗಿದೆ. ಕೆಳಗೆ ನನ್ನ ನಾಲ್ಕೂ ಮಕ್ಕಳು ಸಾಲಾಗಿ ನಿಂತು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು.

ಆಮೇಲೆ ಗೊತ್ತಾಯಿತು, ಅವಳು ಆಂಡರ್ಸನ್‌ಪೇಟೆಯ ಹುಡುಗಿ, ಚಿನ್ನದ ಗಣಿ ಕೆಲಸದವನ ಮಗಳು. ಬೆಂಗಳೂರಲ್ಲಿ ಗಿಡಗಳ ಬಗ್ಗೆ ದೊಡ್ಡ ಓದು ಓದುತ್ತಿದ್ದಾಳೆ. ನಮ್ಮ ಬೆಟ್ಟದಲ್ಲಿ ಯಾವ್ಯಾವ ಗಿಡ ಬಳ್ಳಿ ಇವೆ, ಅವುಗಳಲ್ಲಿ ಮದ್ದಿಗೆ, ಪರಿಮಳಕ್ಕೆ ಆಗುವಂಥ ಸತ್ವ ಏನಿದೆ ಅಂತ ನೋಡಬೇಕಂತೆ. ಎಲ್ಲಕ್ಕಿಂತ ಮುಖ್ಯ ಮಾಗಳಿ ಬೇರು. ಬಂಡೆ ಸಂದಿಯಲ್ಲಿ ಬೆಳೆಯುವ ಬಳ್ಳಿಯ ಬೇರು ಅದು. ಮುರಿದರೆ ಸಾಕು, ಮನೆಯೆಲ್ಲಾ ಗಮಗಮ.

"ಬಂಗಾರಪೇಟೆ ಸಂತೆಯಲ್ಲಿ ಗುಡ್ಡೆ ಹಾಕಿ ಮಾರ್ತಾರಲ್ಲಮ್ಮ?" ಅಂದೆ.

"ಸಂತೆ ಬೇರು ನಮ್ಮ ಮೇಷ್ಟ್ರು ಒಪ್ಪಲ್ಲಣ್ಣಾ. ಇದೇ ಬೆಟ್ಟದಲ್ಲಿ ನಾನೇ ಕಿತ್ತು ಒಣಗಿಸಿದ್ದು ಬೇಕು. ಶಿವರಾತ್ರಿಯೊಳಗೆ ಕೊಡದಿದ್ರೆ ಈ ವರ್ಷ ಹೋಯ್ತು. ಅಪ್ಪಂಗೆ ಇದೇ ವರ್ಷ ಗಣಿಯಿಂದ ರಿಟೈರು. ಇನ್ನೊಂದು ವರ್ಷ ಓದ್ಸೋಕೆ ಆಗಲ್ಲ ಅಂದ್ಬಿಟ್ಟಿದಾರೆ."

ಪಾಪ, ಕಣ್ಣಲ್ಲಿ ನೀರಿತ್ತು. "ಅಳಬೇಡ ತಾಯಿ. ಆ ಬೆಟ್ಟ ನನ್ನ ಅಂಗೈ ಇದ್ದಂಗೆ. ನಾನಿದೀನಿ" ಅಂತ ಕೊಂಬೆ ಮೇಲಿಂದಲೇ ಮಾತು ಕೊಟ್ಟೆ.

ಅವಳು ಹೋದ ಮೇಲೆ ನನ್ನ ಹೆಂಡತಿ ಕೇಳಿದಳು: "ಯೋವ್, ಕಾರ್ತಿಕದಲ್ಲಿ ಯಾವ ಹುಣಸೇಹಣ್ಣಯ್ಯಾ ನೋಡ್ತಿದ್ದೆ?"

ಕರಡಿ ಬೆನ್ನು ಬಿದ್ದಿದ್ದು

ಮೊದಲು ಎಲೆ ಹೂವು ತಂದು ಹಳೇ ಪೇಪರಿನ ನಡುವೆ ಇಟ್ಟು, ಆ ಹಲಗೆಯಲ್ಲಿ ಒತ್ತಿಡುವುದರಲ್ಲೇ ದಿನ ಕಳೆಯಿತು. ಬೇರಿಗೆ ಅಂತ ಬೆಟ್ಟ ಹತ್ತಿದ್ದು ಮಾರ್ಗಶಿರದ ಚಳಿಯಲ್ಲಿ. ದಾರಿಯುದ್ದಕ್ಕೂ ಹುಡುಗಿಗೆ ಒಂದೇ ಭಯ.

"ಅಣ್ಣಾ, ಕರಡಿ ಇದೆಯಂತಲ್ಲ?"

"ಇದ್ದರೇನಮ್ಮ? ಈ ಬೆಟ್ಟದ ಕರಡಿಗಳಿಗೆ ನನ್ನ ಗುರುತೈತೆ. ಒಂದು ಸಲ ಒಂದರ ಕಿವಿ ಹಿಡಿದು ಆಂಧ್ರದ ಗಡಿ ದಾಟಿಸಿ ಬಂದಿದೀನಿ. ಇವತ್ತಿಗೂ ಅದು ಈ ಕಡೆ ಬಂದಿಲ್ಲ."

ದೊಡ್ಡ ಬಂಡೆಯೊಂದರ ಬುಡದಲ್ಲಿ ಬಳ್ಳಿ ಸಿಕ್ಕಿತು. ಕಬ್ಬಿಣದ ಗಡಾರಿ ಹಾಕಿ ಮೀಟಿದೆ. ನಾಲ್ಕೈದು ಒಳ್ಳೆ ಬೇರು ಬಂದವು. ಅವಳು ಒರೆಸಿ, ಚೀಟಿ ಕಟ್ಟಿ, ಚೀಲಕ್ಕೆ ಹಾಕಿದಳು. ಇನ್ನೊಂದು ಬೇರಿಗೆ ಗಡಾರಿ ಎತ್ತಿ ಹಾಕಿದಾಗ ಕಲ್ಲಿಗೆ ತಾಗಿ ಠಣ್ ಅಂತು. ಬಂಡೆಯ ಗವಿಯೊಳಗಿಂದ "ಗುರ್ರ್" ಅಂತ ಸದ್ದು. ನೋಡಿದರೆ ಕರ್ರಗೆ, ಕೂದಲು ಕೂದಲಾಗಿ, ನಾಲ್ಕು ಕಾಲಲ್ಲಿ ಒಂದು ಆಕಾರ ಹೊರಗೆ ಬರ್ತಾ ಐತೆ!

"ಕರಡಿ!" ಅಂತ ಕೂಗಿದ್ದು ಹುಡುಗಿ. ನಾನು ಕೂಗಲಿಲ್ಲ. ಕೂಗಿದರೆ ಕೇಳಿಸದಷ್ಟು ದೂರ ಆಗಲೇ ಹೋಗಿದ್ದೆ. ಹಿಂತಿರುಗಿ ನೋಡಿದರೆ, ಅವಳ ಹಿಂದೆ ಕರಡಿಯೂ ಓಡಿ ಬರ್ತಾ ಐತೆ, ಅದೂ ಎರಡೇ ಕಾಲಲ್ಲಿ! ನಾವು ಎಷ್ಟು ಜೋರು ಓಡಿದರೆ ಅದೂ ಅಷ್ಟೇ ಜೋರು. ಮುಳ್ಳು, ಕಲ್ಲು ಯಾವುದೂ ಲೆಕ್ಕಕ್ಕಿಲ್ಲ. ಕೊನೆಗೆ ಕೆರೆ ಏರಿ ಹತ್ತಿರ ಬಿದ್ದೆವು. ಕರಡಿ ಬಂದು ನಮ್ಮ ಪಕ್ಕದಲ್ಲೇ ಬಿತ್ತು. ಬಿದ್ದ ಏಟಿಗೆ ಕಂಬಳಿ ಜಾರಿ, ಒಳಗೆ ನಮ್ಮೂರ ಕುರಿ ಕಾಯೋನು!

ಚಳಿಗೆ ಕರಿ ಕಂಬಳಿ ಹೊದ್ದು ಗವಿಯಲ್ಲಿ ಗೊರಕೆ ಹೊಡೀತಿದ್ದವನು, ಗಡಾರಿ ಸದ್ದಿಗೆ ಎದ್ದು ತೆವಳಿ ಹೊರಗೆ ಬರುವಾಗ "ಕರಡಿ" ಅಂದಿದ್ದು ಕೇಳಿ, ತನ್ನ ಹಿಂದೆ ಕರಡಿ ಬಂತು ಅಂತ ನಮ್ಮ ಜೊತೆಗೇ ಓಡಿದ್ದಾನೆ. ಏದುಸಿರು ಬಿಡುತ್ತಾ ನನ್ನ ಕೈ ಹಿಡಿದುಕೊಂಡ.

"ಅಣ್ಣೋ, ನೀನು ಕಣ್ಣಾರೆ ನೋಡಿದ್ಯಲ್ಲ, ಎಷ್ಟು ದಪ್ಪ ಇತ್ತಣ್ಣೋ ಕರಡಿ?"

"ಸರಿಯಾಗಿ ನಿನ್ನಷ್ಟೇ ಇತ್ತು ಕಣ್ಲಾ!"

ಸೈನೈಡ್ ದಿಬ್ಬ

ಅಷ್ಟು ಓಡಿದರೂ ಹುಡುಗಿ ಚೀಲ ಬಿಟ್ಟಿರಲಿಲ್ಲ. ಬೇರನ್ನು ಅವರ ಮನೆಯಲ್ಲೇ ಒಣಗಿಸೋಣ ಅಂತ ಇಬ್ಬರೂ ಆಂಡರ್ಸನ್‌ಪೇಟೆಗೆ ಹೊರಟೆವು. ಬಸ್ಸು ಇಳಿದು ಅಡ್ಡದಾರಿ ಹಿಡಿದೆವು. ಗಣಿಯಲ್ಲಿ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಮಿಕ್ಕ ಮಣ್ಣನ್ನು ಅಲ್ಲಿ ಬೆಟ್ಟದಂಗೆ ಸುರಿದಿದ್ದರು. ಅದಕ್ಕೆ ಸೈನೈಡ್ ದಿಬ್ಬ ಅಂತಲೇ ಹೆಸರು.

ಕರಡಿಯಿಂದ ಹುಡುಗಿಯನ್ನು ನಾನು ಕಾಪಾಡಿದ ಬಗೆಯನ್ನು ಅವಳಿಗೇ ವಿವರಿಸುತ್ತಿದ್ದೆ. ಬಾಯಿ ಪೂರಾ ತೆರೆದಿದ್ದಾಗಲೇ ದಿಬ್ಬದಿಂದ ಒಂದು ಸುಳಿಗಾಳಿ ಎದ್ದು, ಬಿಳೀ ಧೂಳೆಲ್ಲಾ ನೇರ ಗಂಟಲಿಗೆ ಇಳಿಯಿತು. ನುಂಗಿಬಿಟ್ಟೆ.

ಸೈನೈಡು ಅಂದರೆ ರುಚಿ ಹೇಳೋಕೂ ಯಾರೂ ಬದುಕಿಲ್ಲ ಅಂತ ಕೇಳಿದ್ದೆ. ಹೆಂಗೋ ಅವರ ಮನೆ ತಲುಪಿ ಜಗಲಿ ಮೇಲೆ ಉದ್ದಕ್ಕೆ ಮಲಗಿದೆ. ಸುತ್ತ ಜನ ಸೇರಿದರು.

"ತಾಯಿ, ನನ್ನ ಕೆಂದ ಹಸು ದೊಡ್ಡ ಮಗನಿಗೆ. ಗಡಾರಿ ಕುರಿಯವನಿಗೆ. ನನ್ನ ಹೆಂಡ್ತಿಗೆ ಹೇಳು, ಧೈರ್ಯವಾಗಿ ಸತ್ತ ಅಂತ..."

ಅಷ್ಟೊತ್ತಿಗೆ ಹುಡುಗಿಯ ಅಪ್ಪ ಶಿಫ್ಟು ಮುಗಿಸಿ ಬಂದರು. ತಲೆಯಿಂದ ಕಾಲಿನವರೆಗೂ ಅದೇ ಬಿಳೀ ಧೂಳು. ವಿಷಯ ಕೇಳಿ ನನ್ನ ಪಕ್ಕ ಕೂತರು.

"ಅಣ್ಣೇ, ನಾನು ಸಣ್ಣ ವಯಸ್ಸಿಂದ ದಿನಾ ಈ ಧೂಳು ಕಲಸಿದ ಅನ್ನಾನೇ ತಿಂತಾ ಇದೀನಿ. ನೀವು ಒಂದು ಬಾಯಿ ತಿಂದಿದ್ದಕ್ಕೇ ಆಸ್ತಿ ಪಾಲು ಮಾಡ್ತಾ ಇದೀರಾ?"

ಜನ ನಕ್ಕರು. ಹುಡುಗಿಯ ಅಮ್ಮ ಒಳಗಿಂದ, "ಅಣ್ಣೇ, ಕಾಫಿ ಕುಡೀತೀರಾ?" ಅಂದರು.

ನಾನು ಮಲಗಿದ್ದಲ್ಲಿಂದಲೇ ಹೇಳಿದೆ: "ಕೊಡಮ್ಮ. ಸಾಯೋನು ಅಂತ ತಿಳ್ಕೊಂಡು ಸಕ್ಕರೆ ಸ್ವಲ್ಪ ಜಾಸ್ತೀನೇ ಹಾಕು."

ಮೇಷ್ಟ್ರು ಬಂದರು

ಈ ಗಲಾಟೆ ನೋಡಿ ಹುಡುಗಿ ಮನಸ್ಸು ಬದಲಾಯಿಸಿದಳು. ಅಲ್ಲಿಯ ಧೂಳು ಬೇರಿಗೆ ಕೂತರೆ ಪರೀಕ್ಷೆ ಕೆಡುತ್ತಂತೆ. ಹಾಗಾಗಿ ಬೇರು ಮತ್ತೆ ನಮ್ಮನೆಗೇ ಬಂತು. ಅಟ್ಟದ ನೆರಳಲ್ಲಿ ದಾರ ಕಟ್ಟಿ ಚೀಟಿ ಸಮೇತ ನೇತುಹಾಕಿ ಅವಳು ಬೆಂಗಳೂರಿಗೆ ಹೋದಳು.

"ಈ ಬೇರು ಯಾಕಯ್ಯಾ?" ಅಂದಳು ನನ್ನ ಹೆಂಡತಿ.

ಮಾತಿಗೆ ಒಂದು ಅಲಂಕಾರ ಇರಲಿ ಅಂತ, "ನಿನಗೋಸ್ಕರಾನೇ ಕಣೇ. ಕರಡಿ ಬಾಯಿಂದ ಕಿತ್ತು ತಂದಿದೀನಿ" ಅಂದೆ. ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ನಂಬದವಳು ಇದೊಂದನ್ನು ನಂಬಿಬಿಟ್ಟಳು.

ಹುಡುಗಿ ಬಂದಾಗೆಲ್ಲಾ, "ಅಣ್ಣಾ, ಅಟ್ಟ ನೋಡ್ತಿದೀರಾ?" ಅಂತ ಕೇಳೋಳು. ನೋಡ್ತಿದ್ದೆ, ಕೆಳಗಿನಿಂದಲೇ. ಅಟ್ಟದಲ್ಲಿ ಹೆಗ್ಗಣ ಇತ್ತು. ಹೆದರಿಕೆ ಅಂತಲ್ಲ, ಅದಕ್ಕೆ ಯಾಕೆ ತೊಂದರೆ ಅಂತ. ದಾರ ಕಾಣ್ತಿತ್ತು. ದಾರ ಇದ್ದ ಮೇಲೆ ಬೇರು ಇರಲೇಬೇಕಲ್ಲ?

ಶಿವರಾತ್ರಿಗೆ ವಾರ ಇದೆ ಅನ್ನುವಾಗ, ಬೇರು ನಿಜವಾಗಿ ಬೆಟ್ಟದ್ದೋ ಸಂತೆಯದ್ದೋ ನೋಡೋಕೆ ಮೇಷ್ಟ್ರೇ ರೈಲಲ್ಲಿ ಬಂಗಾರಪೇಟೆಗೆ ಬಂದಿಳಿದರು. ಪೊದೆ ಹುಬ್ಬು, ದಪ್ಪ ಕನ್ನಡಕ. ಅವರು ಕೆಮ್ಮಿದರೆ ಹುಡುಗಿ ಎರಡು ಹೆಜ್ಜೆ ಹಿಂದೆ. ಅವರ ಚೀಲ ಹೊತ್ತ ನಾನು ನಾಲ್ಕು ಹೆಜ್ಜೆ ಹಿಂದೆ. ಚೀಲ ಭಾರ ಇತ್ತು.

ಮನೆಯಲ್ಲಿ ಮೊದಲು ಊಟ. ಮೊಸರನ್ನಕ್ಕೆ ನನ್ನವಳು ಉಪ್ಪಿನಕಾಯಿ ಬಡಿಸಿದಳು. ಮೇಷ್ಟ್ರ ಹುಬ್ಬು ಮೇಲೇರಿತು. "ಆಹಾ! ಏನಮ್ಮಾ ಪರಿಮಳ! ಇನ್ನೂ ಸ್ವಲ್ಪ ಹಾಕಿ." ಮೂರು ಸಲ ಹಾಕಿಸಿಕೊಂಡರು. ಹುಡುಗಿ ಮಾತ್ರ ಒಂದು ಹೋಳು ಬಾಯಿಗಿಟ್ಟವಳು ಅಗಿಯೋದು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಅಟ್ಟ ನೋಡಿದೆ. ಹೆಗ್ಗಣವನ್ನೂ ಲೆಕ್ಕಿಸದೆ ಹತ್ತಿದೆ. ದಾರ ಇತ್ತು. ಚೀಟಿ ಇತ್ತು.

"ಬೇರೆಲ್ಲಿ ಕಣೇ?"

"ಬರಣೀಲಿ. ಮನೇಗೆ ಬಂದ ಮಾಗಳಿ ಬೇರು ಒಣಗಿಹೋದ್ರೆ ಆ ಮನೆ ಹೆಂಗಸು ಸೋಮಾರಿ ಅನ್ನಲ್ವಾ? ಸಂಕ್ರಾಂತಿ ಆಗಿದ್ದೇ ಹೆರೆದು ಹಾಕ್ದೆ."

ಹುಡುಗಿ ಮುಖ ಮುಚ್ಚಿಕೊಂಡು ಅಳೋಕೆ ಶುರು ಮಾಡಿದಳು. ಮೇಷ್ಟ್ರು ಗುಡುಗಿದರು. "ಎಲ್ರೀ ಸ್ಯಾಂಪಲ್ಲು?"

ನಾನು ಧೈರ್ಯವಾಗಿ ಹೇಳಿದೆ: "ಬರಣೀಲಿ ಅರ್ಧ ಐತೆ ಸಾಮಿ. ಇನ್ನರ್ಧ ತಾವೇ ತಗೊಂಡ್ರಲ್ಲ."

ಮತ್ತೆ ಬೆಟ್ಟ

ಮೇಷ್ಟ್ರು ಎಲೆ ಕಡೆ ನೋಡಿದರು. ಎಲೆಯಲ್ಲಿ ಇನ್ನೂ ಎರಡು ಹೋಳು ಮಿಕ್ಕಿದ್ದವು. ಅವನ್ನೂ ತಿಂದು ಕೈ ತೊಳೆದರು. "ತಿಂದವನೇ ಫೇಲು ಮಾಡೋದು ಧರ್ಮ ಅಲ್ಲ. ಒಂದೇ ಒಂದು ಒಳ್ಳೇ ಬೇರು ಸಿಕ್ಕರೂ ಸಾಕು, ಅಲ್ಲೇ ಕಾಲೇಜಲ್ಲಿ ಒಣಗಿಸೋಣ. ಏಳಿ, ಗಡಾರಿ ತಗೊಳ್ಳಿ" ಅಂದರು.

ಅದೇ ಬಂಡೆಗೆ ಹೋದೆವು. ಅಲ್ಲಿ ಉಳಿದಿದ್ದು ಹೋದ ಸಲ ಬಿಟ್ಟು ಓಡಿದ ಒಂದೇ ಒಂದು ಬೇರು, ತೋಳಿನಷ್ಟು ದಪ್ಪ. ಮೇಷ್ಟ್ರು ಪ್ಯಾಂಟು ಮಡಚಿ, ಎರಡು ಕೈಯಲ್ಲೂ ಹಿಡಿದು ಎಳೆದರು. ಅದು ಅಲ್ಲಾಡಲಿಲ್ಲ. ಗವಿಯೊಳಗಿಂದ ಗೊರಕೆ. ಮೇಷ್ಟ್ರು ಬೇರು ಹಿಡಿದಂಗೇ ತಲೆ ಎತ್ತಿದರು.

"ಏನ್ರೀ ಅದು?"

"ಹೆದರಬೇಡಿ ಸಾಮಿ! ನಮ್ಮ ಕುರಿಯವನು. ಕಂಬಳಿ ಹೊದ್ದು ಇಲ್ಲೇ ಬಿದ್ದಿರ್ತಾನೆ." ಹುಡುಗಿಯೂ ಕಣ್ಣೊರೆಸಿಕೊಂಡು ನಕ್ಕಳು. ನಾನು ಗವಿಗೆ ಬಗ್ಗಿ, ಆ ಕಂಬಳಿಗೆ ಗಡಾರಿ ಬುಡದಿಂದ ಒಂದು ಕೊಟ್ಟೆ. "ಲೇ, ಎದ್ದೇಳ್ಲಾ! ಬೆಂಗ್ಳೂರಿಂದ ಮೇಷ್ಟ್ರು ಬಂದವ್ರೆ, ನಮಸ್ಕಾರ ಮಾಡ್ಲಾ!"

ಆಗ ಕೆಳಗಿನ ದಾರಿಯಿಂದ ಒಂದು ದನಿ: "ಯಾರಿಗಣ್ಣೋ ನಮಸ್ಕಾರ? ನಾನಿಲ್ಲಿ ಕುರಿ ಹೊಡ್ಕೊಂಡು ಬತ್ತಾ ಇವ್ನಲ್ಲ!"

ಕೆಳಗೆ ನೋಡಿದೆ. ಕುರಿಯವನು ಅಲ್ಲಿದ್ದಾನೆ. ಹೆಗಲ ಮೇಲೆ ಕಂಬಳಿಯೂ ಐತೆ. ಗವಿಯೊಳಗಿನ ಕಂಬಳಿ ಆಕಳಿಸಿ ಎದ್ದು ನಿಂತಿತು. ಅದಕ್ಕೆ ಹಲ್ಲಿದ್ದವು.

ಆಮೇಲೆ ಯಾರು ಮುಂದೆ, ಯಾರು ಹಿಂದೆ ನನಗೆ ಗೊತ್ತಿಲ್ಲ. ಕರಡಿ ಎರಡು ಹೆಜ್ಜೆ ಬಂದು, ನನ್ನ ಗುರುತು ಹತ್ತಿ ಹೆದರಿ ವಾಪಸು ಹೋಯಿತು ಅಂತ ನಾನು ಹೇಳ್ತೀನಿ. ನಿದ್ದೆ ಬಂದು ಹೋಯಿತು ಅಂತ ಕುರಿಯವನು ಹೇಳ್ತಾನೆ. ಕೆರೆ ಏರಿ ಮೇಲೆ ಬಿದ್ದು ಉಸಿರು ತಿರುಗಿಸಿಕೊಂಡಾಗ ನೋಡಿದರೆ, ಮೇಷ್ಟ್ರ ಕನ್ನಡಕ ಇಲ್ಲ, ಒಂದು ಚಪ್ಪಲಿ ಇಲ್ಲ. ಆದರೆ ಎರಡೂ ಕೈಯಲ್ಲಿ ಆ ಬೇರು, ಬುಡದಿಂದ ತುದಿವರೆಗೆ ಒಂದು ಗೀರೂ ಇಲ್ಲದಂಗೆ! ಗಡಾರಿಗೆ ಬಾರದ್ದು ಭಯಕ್ಕೆ ಬಂದಿತ್ತು.

ಹುಡುಗಿ ಪಾಸಾದಳು. ಅಪ್ಪನ ಜೊತೆ ಮೈಸೂರುಪಾಕು ತಗೊಂಡು ನಮ್ಮನೆಗೆ ಬಂದಾಗ, ಕೊನೆಯ ಪರೀಕ್ಷೆಯ ಸುದ್ದಿ ಹೇಳಿದಳು. ಹೊರಗಿನಿಂದ ಬಂದಿದ್ದ ದೊಡ್ಡ ಪಂಡಿತರೊಬ್ಬರು ಆ ಬೇರನ್ನು ತಿರುಗಿಸಿ ಮುರುಗಿಸಿ ನೋಡಿ, "ಬಂಡೆ ಸಂದಿಯ ಬೇರು ಇಷ್ಟು ಪೂರ್ತಿಯಾಗಿ ಬಂದಿದ್ದು ನಾನು ನೋಡೇ ಇಲ್ಲ. ಇದನ್ನ ಕೀಳೋ ವಿಧಾನ ಏನಮ್ಮಾ?" ಅಂತ ಕೇಳಿದರಂತೆ.

ಇವಳು ಬಾಯಿ ತೆರೆಯೋಕೆ ಮೊದಲೇ ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಹೇಳಿಬಿಟ್ಟರಂತೆ:

"ಹಿಂದೆ ತಿರುಗಿ ನೋಡಬಾರದು ಸಾರ್. ಅಷ್ಟೇ ವಿಧಾನ."